ರಾಯಭಾರಿಯ ಕುರ್ಚಿಯಿಂದ ಪಾಠದ ಕೋಣೆಗೆ

(ಚಿಕ್ಕಜಾಲದಲ್ಲಿ ಮಾಡಿದ ಭಾಷಣದ ಬರಹರೂಪ)



ರಾಯಭಾರಿಯಾದವರು ನಿವೃತ್ತಿಯ ಬಳಿಕ ಸಾಮಾನ್ಯವಾಗಿ ಆತ್ಮಕಥನ ಬರೆಯುತ್ತಾರೆ. ಪಾಸ್ಕಲ್ ಅಲನ್ ನಜರೆತ್ ಬೇರೆ ಹಾದಿ ಹಿಡಿದರು. 1959ರಲ್ಲಿ ವಿದೇಶಾಂಗ ಸೇವೆ ಸೇರಿ ಈಜಿಪ್ಟ್, ಮೆಕ್ಸಿಕೊಗಳಲ್ಲಿ ಭಾರತದ ರಾಯಭಾರಿಯಾಗಿದ್ದ ಅವರು, ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಸರ್ವೋದಯ ಇಂಟರ್‌ನ್ಯಾಷನಲ್ ಟ್ರಸ್ಟ್ ಕಟ್ಟಿದರು. 2006ರಲ್ಲಿ ಗಾಂಧೀಜಿಯವರ ನಾಯಕತ್ವದ ಕುರಿತು ಗ್ರಂಥ ಬರೆದರು. ದೇಶವಿದೇಶಗಳಲ್ಲಿ ಅಹಿಂಸೆಯ ಬಗ್ಗೆ ಉಪನ್ಯಾಸ ನೀಡಿದರು.

ಸರಕಾರದ ಪರವಾಗಿ ಮಾತನಾಡಿದವರಿಗೆ ಇಂತಹ ಅಧ್ಯಯನ ಏಕೆ ಬೇಕೆನಿಸುತ್ತದೆ? ಉತ್ತರಕ್ಕಾಗಿ ನಾವು ಇನ್ನೊಬ್ಬರತ್ತ ನೋಡಬೇಕು. ಆಸ್ಟ್ರೇಲಿಯಾದ ಜಾನ್ ಬರ್ಟನ್ 1947ರಲ್ಲಿ, ಇನ್ನೂ ಮೂವತ್ತೆರಡರ ಪ್ರಾಯದಲ್ಲಿ, ಆ ದೇಶದ ವಿದೇಶಾಂಗ ಇಲಾಖೆಯ ಕಾರ್ಯದರ್ಶಿಯಾದರು. ಮುಂದೆ ಹುದ್ದೆ ತೊರೆದು ಲಂಡನಿನಲ್ಲಿ ಅಧ್ಯಾಪಕರಾದರು. 1965ರಲ್ಲಿ ಇಂಡೋನೇಷ್ಯಾ, ಮಲೇಷ್ಯಾ, ಸಿಂಗಾಪುರಗಳ ನಡುವಿನ ಕಲಹದ ಸಮಯದಲ್ಲಿ ಆ ಸರಕಾರಗಳು ಸೂಚಿಸಿದವರನ್ನು ವಿದ್ವಾಂಸರೊಂದಿಗೆ ಒಂದೇ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಚೌಕಾಸಿ ಇರಲಿಲ್ಲ. ಎದುರಾಳಿ ತಮ್ಮನ್ನು ಹೇಗೆ ಕಾಣುತ್ತಾನೆ, ಏತಕ್ಕೆ ಹೆದರುತ್ತಾನೆ ಎಂಬುದರ ವಿಚಾರಣೆ ಮಾತ್ರ ಇತ್ತು. 1966ರಲ್ಲಿ ಆ ಕಲಹ ಮುಗಿಯಿತು. ಗೋಷ್ಠಿಯೊಂದರಿಂದಲೇ ಮುಗಿಯಿತೆಂದು ನಾವು ಹೇಳಲಾರೆವು. ಇಂಡೋನೇಷ್ಯಾದಲ್ಲಿ ಅಧಿಕಾರವೂ ಕೈ ಬದಲಾಯಿಸಿತ್ತು.

ಬರ್ಟನ್ ಕಂಡುಕೊಂಡ ಸಂಗತಿ ಇಷ್ಟು: ಹಣ, ಭೂಮಿಯನ್ನು ಪಾಲು ಮಾಡಬಹುದು. ಭದ್ರತೆ, ಗುರುತು, ಮನ್ನಣೆ ಇವುಗಳನ್ನು ಅರ್ಧರ್ಧ ಹಂಚಲಾಗದು.

ಇದು ದೂರದ ಮಾತಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಬಳ್ಳಾರಿ ರಸ್ತೆಯ ಇಕ್ಕೆಲಗಳ ಜಮೀನಿಗೆ ಬಂದ ಬೆಲೆ ತಮಗೆ ಗೊತ್ತು. ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲೇರಿದರು. ಒಂದೆರಡು ಗುಂಟೆ ಹೆಚ್ಚು ಕೊಟ್ಟರೂ ತಮ್ಮ ರಾಜಿಗೆ ಬರುವುದಿಲ್ಲ. ‘ನನ್ನನ್ನು ಒಂದು ಮಾತೂ ಕೇಳದೆ ಅಣ್ಣ ಸಹಿ ಹಾಕಿದ’ ಎಂಬ ನೋವನ್ನು ಯಾವ ಮೋಜಣಿದಾರನೂ ಅಳೆಯಲಾರ. ಅಕ್ಕತಂಗಿಯರ ಪಾಲಿನ ವಿಚಾರವಂತೂ ಮಾತುಕತೆಗೇ ಬರುವುದಿಲ್ಲ!

ನಾವು ಮದ್ರಸದಲ್ಲಿ ಫಿಕ್‌ಹ್ ಓದುವಾಗ ‘ಸುಲ್‌ಹ್’ ಎಂಬ ಅಧ್ಯಾಯವೇ ಇತ್ತು. ಪರೀಕ್ಷೆಗಾಗಿ ಅದನ್ನು ಕಂಠಪಾಠ ಮಾಡಿದವರು ಅನೇಕರು. ರಾಜಿ ಮಾಡಿಸಲು ಕಲಿತವರು ವಿರಳ. ಹಬ್ಬಗಳ ಮುನ್ನಾದಿನ ಠಾಣೆಗಳಲ್ಲಿ ನಡೆಯುವ ಶಾಂತಿ ಸಭೆಗಳ ಗತಿಯೂ ಹೆಚ್ಚು ಕಡಿಮೆ ಹಾಗೆಯೇ. ಭಾಷಣ, ಚಹಾ, ಛಾಯಾಚಿತ್ರ. ಹೋದ ವರ್ಷದ ಮೆರವಣಿಗೆಯಲ್ಲಿ ಯಾರಿಗೆ ಏನು ನೋವಾಯಿತು ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಕೇಳುವುದೂ ಒಂದು ವಿದ್ಯೆ. ಅದಕ್ಕೆ ತರಬೇತಿ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಸಂಘರ್ಷ ಹಾಗೂ ಭದ್ರತಾ ಅಧ್ಯಯನದ ವಿಭಾಗವೇ ಇದೆ. ಇಲ್ಲಿಂದ ಹೆಬ್ಬಾಳ ದಾಟಿದರೆ ಅದೇನೂ ದೂರವಲ್ಲ. ‘ಕಲಾ ವಿಭಾಗ ಓದಿ ಏನು ಮಾಡುತ್ತೀಯ?’ ಎಂದು ಮಕ್ಕಳನ್ನು ಗದರಿಸುವ ತಂದೆತಾಯಂದಿರು, ಮಗನೋ ಮಗಳೋ ಈ ವಿಷಯದ ಹೆಸರೆತ್ತಿದಾಗ, ಒಂದು ದಿನ ಬಿಡುವು ಮಾಡಿಕೊಂಡು ಅವರ ಜೊತೆ ಅಲ್ಲಿಗೆ ಹೋಗಿ ವಿಚಾರಿಸಿ ಬರಬೇಕೆಂದು ನಮ್ಮ ವಿನಂತಿ.