ಉಣುಗು, ಮಂಗ, ಮನುಷ್ಯ



ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಂಡವರಿಗೆ ಅಲ್ಲಿನ ಮದನಿಕೆಯರ ಪರಿಚಯವುಂಟು. ಅವರಲ್ಲೊಬ್ಬಳ ಉಡುಗೆಯನ್ನು ಕೋತಿಯೊಂದು ಹಿಡಿದೆಳೆಯುತ್ತಿದೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಗುಡಿಯ ಶಿಲ್ಪಿಗೆ ಕೋತಿಯೆಂದರೆ ತುಂಟತನ. ನಮಗೂ ಹಾಗೆಯೇ. ಬಾಳೆಗೊನೆ ಕೆಡಿಸಿದರೆ ಬೈಯುತ್ತೇವೆ, ಶನಿವಾರ ಬಂದರೆ ಕೈಮುಗಿಯುತ್ತೇವೆ. ಆದರೆ ಕಾಡಿನಲ್ಲಿ ಸತ್ತುಬಿದ್ದ ಕೋತಿಯು ಮನುಷ್ಯನಿಗೆ ಏನು ಹೇಳುತ್ತದೆ ಎಂಬುದು ಈ ಹೊತ್ತಿನ ನನ್ನ ವಿಷಯ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಣ ಹಳ್ಳಿಗರು ಉಗ್ರ ಜ್ವರದಿಂದ ಹಾಸಿಗೆ ಹಿಡಿದರು. ಇದು ಆಫ್ರಿಕದ ಹಳದಿ ಜ್ವರವೇ ಇರಬಹುದೆಂದು ಮೊದಲು ಶಂಕೆ ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಲಾಗಿ, ಅದು ಹೊಸದೊಂದು ವೈರಸ್ಸೆಂದೂ, ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಅದು ಹತ್ತಿರದ ನೆಂಟನೆಂದೂ ತಿಳಿದುಬಂದಿತು. ಲೋಕವು ಅದನ್ನು ಕ್ಯಾಸನೂರು ಕಾಡಿನ ರೋಗವೆಂದಿತು. ಮಲೆನಾಡು ಮಂಗನ ಕಾಯಿಲೆಯೆಂದಿತು.

ವೈರಸ್ ಎಂದರೇನು? ಒಂದು ಮಿಲಿಮೀಟರಿನ ಉದ್ದದಲ್ಲಿ ಈ ಜಾತಿಯ ಸುಮಾರು 20,000 ಕಣಗಳನ್ನು ಸಾಲಾಗಿ ಇಡಬಹುದು. ಅದಕ್ಕೆ ಉಣ್ಣಲು ಬಾಯಿಲ್ಲ, ನಡೆಯಲು ಕಾಲಿಲ್ಲ. ಜೀವಕೋಶದ ಹೊರಗೆ ಅದು ಜಡ. ಒಳಹೊಕ್ಕರೆ ಆ ಕೋಶದ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ.

ಕಾಲಿಲ್ಲದ ಇದಕ್ಕೆ ಉಣುಗೇ ವಾಹನ. ಮರಿ ಉಣುಗು ಇಲಿ, ಮೂಗಿಲಿ, ಮಂಗಗಳ ರಕ್ತವನ್ನು ಹೀರುವಾಗ ವೈರಸ್ಸನ್ನು ಪಡೆಯುತ್ತದೆ. ಮಂಗವು ಸತ್ತರೆ ಅದರ ಮೈಮೇಲಿನ ಉಣುಗುಗಳು ಕೆಳಗುದುರಿ ಆ ಸ್ಥಳವೆಲ್ಲ ಅಪಾಯದ ನೆಲೆಯಾಗುತ್ತದೆ. ಮಳೆ ನಿಂತ ಮೇಲೆ, ನವೆಂಬರಿನಿಂದ ಮೇ ತಿಂಗಳವರೆಗೆ, ಎಳೆಯ ಉಣುಗುಗಳು ತರಗೆಲೆಗಳಲ್ಲಿ ಕಾದಿರುತ್ತವೆ. ದರಗು ಗುಡಿಸುವವರೂ ಸೌದೆ ತರುವವರೂ ದನ ಮೇಯಿಸುವವರೂ ಆಗಲೇ ಕಾಡಿಗೆ ಹೋಗುತ್ತಾರೆ. ಬಲಿತ ಉಣುಗಿಗೆ ದನವೇ ಆಹಾರ. ಆದುದರಿಂದ ಕಾಡು ಕಡಿದು ದನ ನುಗ್ಗಿಸಿದ ಅಂಚುಗಳಲ್ಲಿ ಉಣುಗಿನ ಸಂತತಿ ಬೆಳೆಯುತ್ತದೆ. ಕಾಯಿಲೆಗೆ ಮಂಗನ ಹೆಸರಿಟ್ಟೆವು. ದಾರಿ ಮಾಡಿಕೊಟ್ಟವರಲ್ಲಿ ನಾವೂ ಇದ್ದೇವೆ.

ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿ, ಜ್ವರ, ತಲೆನೋವು, ಮೈಕೈ ನೋವು ತೋರುತ್ತವೆ. ದೇಹದ ಶಾಖವನ್ನು ಹದದಲ್ಲಿಡುವ ಕೇಂದ್ರವು ಮಿದುಳಿನಲ್ಲಿದೆ. ವೈರಸ್ಸಿನೊಡನೆ ಹೋರಾಡುವ ರಕ್ತಕಣಗಳ ಸಂದೇಶ ತಲುಪಿದೊಡನೆ ಅದು ಶಾಖದ ಮಟ್ಟವನ್ನು ಏರಿಸುತ್ತದೆ. ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿ ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಸೋರುವುದುಂಟು. ಜ್ವರ ಬಿಟ್ಟಿತೆಂದು ಎದ್ದವರಲ್ಲಿ ಕೆಲವರಿಗೆ ಅದು ಮತ್ತೆ ಮರಳಿ ಮಿದುಳನ್ನು ಬಾಧಿಸುತ್ತದೆ. ರೋಗಿಗಳಲ್ಲಿ ನೂರಕ್ಕೆ 3ರಿಂದ 5 ಮಂದಿ ತೀರಿಕೊಳ್ಳುತ್ತಾರೆ. ಇದಕ್ಕೆಂದೇ ಮೀಸಲಾದ ಔಷಧಿಯಿಲ್ಲ. ಬೇಗನೆ ಆಸ್ಪತ್ರೆಗೆ ಸೇರಿ ಶುಶ್ರೂಷೆ ಪಡೆಯುವುದೇ ಜೀವ ಉಳಿಸುವ ಮಾರ್ಗ. ರೋಗಿಯಿಂದ ಮನೆಯವರಿಗೆ ಇದು ಅಂಟುವುದಿಲ್ಲ. ಆದುದರಿಂದ ರೋಗಿಯನ್ನು ದೂರವಿಡುವುದು ಅನ್ಯಾಯ.

ಇದು ಸೊರಬದ ಮಾತು, ಬೇಲೂರಿಗೇಕೆ ಎನ್ನಬಹುದು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಬಹಳ ನೊಂದಿತು. ನಮ್ಮ ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ರೋಗ ಕಂಡಿದೆ. ಕಾಫಿ ತೋಟಗಳ ಕೂಲಿಯವರು ಜಿಲ್ಲೆಯ ಗಡಿಯನ್ನು ನೋಡಿ ನಡೆಯುವವರಲ್ಲ.

ಕೊನೆಯದಾಗಿ ಒಂದು ಸೂಕ್ಷ್ಮ ವಿಷಯ. ಸತ್ತ ಕೋತಿಗೆ ಹೂಮಾಲೆ ಹಾಕಿ, ಹೆಗಲ ಮೇಲೆ ಹೊತ್ತು, ಭಜನೆಯೊಡನೆ ಮಣ್ಣು ಮಾಡುವ ರೂಢಿ ನಮ್ಮಲ್ಲುಂಟು. ಆ ಭಕ್ತಿಯನ್ನು ನಾನು ಹಳಿಯಲಾರೆ. ನಮ್ಮ ಹಿರಿಯರೂ ಹಾಗೆಯೇ ಮಾಡಿದವರು. ಆದರೆ ಹೊತ್ತ ಹೆಗಲಿಗೆ ಉಣುಗು ಹತ್ತಿದರೆ ಶವಸಂಸ್ಕಾರ ಒಂದಕ್ಕೇ ಮುಗಿಯದು. ಕೈಮುಗಿಯಿರಿ, ದೂರದಿಂದಲೇ ಮುಗಿಯಿರಿ. ಅರಣ್ಯ ಇಲಾಖೆಗೂ ಆರೋಗ್ಯ ಇಲಾಖೆಗೂ ತಿಳಿಸಿರಿ. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಉಣುಗು ಓಡಿಸುವ ತೈಲ ಹಚ್ಚಿಕೊಂಡು, ಮರಳಿ ಬಂದು ಬಿಸಿನೀರಿನಲ್ಲಿ ಮೀಯಲಿ.

ತನ್ನ ಸಾವಿನಿಂದ ನಮ್ಮನ್ನು ಎಚ್ಚರಿಸುವ ಪ್ರಾಣಿಗೆ, ಆ ಎಚ್ಚರಿಕೆಯನ್ನು ಕೇಳಿಕೊಳ್ಳುವುದೇ ನಾವು ಸಲ್ಲಿಸಬಹುದಾದ ಮರ್ಯಾದೆ.