ಬೆಕ್ಕಿನ ವರ್ಣಮಾಲೆ

ಪ್ರಾಣಿಗಳ ದನಿಯ ವಿಷಯದಲ್ಲಿ ನಮ್ಮ ಕನ್ನಡ ಬಹಳ ಉದಾರವಾದ ಭಾಷೆ. ನಾಯಿ ಬೊಗಳುತ್ತದೆ, ಕುದುರೆ ಕೆನೆಯುತ್ತದೆ, ಆನೆ ಘೀಳಿಡುತ್ತದೆ, ನರಿ ಊಳಿಡುತ್ತದೆ, ಕಪ್ಪೆ ವಟಗುಟ್ಟುತ್ತದೆ. ಒಂದೊಂದಕ್ಕೆ ಒಂದೊಂದು ಕ್ರಿಯಾಪದ. ಆದರೆ ಹಗಲಿರುಳೂ ನಮ್ಮ ಒಲೆಯ ಬದಿಯಲ್ಲೇ ಮಲಗಿರುವ ಬೆಕ್ಕಿಗೆ ಮಾತ್ರ ತನ್ನದೇ ಎನ್ನುವಂಥ ಕ್ರಿಯಾಪದವಿಲ್ಲ. ಅದು ‘ಮ್ಯಾವ್ ಎನ್ನುತ್ತದೆ’. ಇಲ್ಲವೆ ಸುಮ್ಮನೆ ‘ಕೂಗುತ್ತದೆ’. ಇನ್ನು ಮಡಿಲಲ್ಲಿ ಮಲಗಿ ಸುಖಪಡುವಾಗ ಅದರ ಎದೆಯಿಂದ ಹೊರಡುವ ಆ ನಾದಕ್ಕೆ ನಾವು ‘ಗುರುಗುಟ್ಟುವುದು’ ಎನ್ನುತ್ತೇವೆ. ಅಪರಿಚಿತನನ್ನು ಕಂಡ ನಾಯಿ ಮಾಡುವುದೂ ಗುರುಗುಟ್ಟುವುದೇ. ಸಿಟ್ಟಾದ ಯಜಮಾನರು ಮಾಡುವುದೂ ಅದೇ. ಸುಖಕ್ಕೂ ಕೋಪಕ್ಕೂ ಒಂದೇ ಮಾತನ್ನು ಕೊಟ್ಟು, ಅರ್ಥಮಾಡಿಕೊಳ್ಳುವ ಹೊಣೆಯನ್ನು ಭಾಷೆ ನಮ್ಮ ಕಿವಿಗೆ ಬಿಟ್ಟಿದೆ.

ಆ ಕಿವಿಯ ಹೊಣೆ ನಮ್ಮ ಸೀಮೆಯಲ್ಲಿ ಸ್ವಲ್ಪ ಹೆಚ್ಚು ಎಂದೇ ಹೇಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಇದು ತೆಂಗಿನ ನಾಡು. ನಮ್ಮ ಹಾಲ್ಕುರಿಕೆಯೂ ಅದರೊಳಗಿನದೇ. ಊರಿನ ಹೆಸರಿನ ವ್ಯುತ್ಪತ್ತಿ ಏನೇ ಇರಲಿ, ಹೆಸರಿನಲ್ಲಿಯೇ ಹಾಲನ್ನಿಟ್ಟುಕೊಂಡ ಊರಿಗೆ ಬೆಕ್ಕುಗಳನ್ನು ಬೇರೆ ಕರೆಯಬೇಕಾಗಿಲ್ಲ. ಆದರೆ ಇಲ್ಲಿ ಬೆಕ್ಕು ಬಂದದ್ದು ಹಾಲಿಗಲ್ಲ, ಕೊಬ್ಬರಿಗಾಗಿ. ಕೊಬ್ಬರಿ ತಿನ್ನುವುದಕ್ಕಲ್ಲ, ಕಾಯುವುದಕ್ಕೆ. ಉಂಡೆ ಕೊಬ್ಬರಿಯಾಗಬೇಕಾದರೆ ಬಲಿತ ಕಾಯನ್ನು ಸುಲಿಯದೆ ಹಾಗೆಯೇ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಲು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಗಡಗಡ ಎನ್ನಬೇಕು. ಒಂದು ವರ್ಷದ ಬದುಕೆಲ್ಲ ಹೀಗೆ ನೆತ್ತಿಯ ಮೇಲೆ ಕೂತಿರುವಾಗ, ಇಲಿ ಎಂಬುದು ಬರಿಯ ಕಥೆಯ ಪಾತ್ರವಲ್ಲ. ಆದ್ದರಿಂದ ಬೆಕ್ಕು, ಅಥವಾ ನಮ್ಮವರ ಬಾಯಲ್ಲಿ ಕೊತ್ತಿ, ಈ ಮನೆಗಳಲ್ಲಿ ಮುದ್ದಿಗೆ ಮೊದಲು ಕೆಲಸಕ್ಕೆ ಬಂದದ್ದು.

ಅಟ್ಟದ ಕೆಲಸದಲ್ಲಿ ಬೆಕ್ಕು ತುಟಿ ಎರಡು ಮಾಡುವುದಿಲ್ಲ. ನಾವು ಕೇಳಬಲ್ಲ ದನಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳದು. ಬೆಕ್ಕಿನ ಕಿವಿ 85,000ದ ತನಕ ಕೇಳುತ್ತದೆ ಎಂದು 1985ರಲ್ಲಿ ಅಳೆದು ತೋರಿಸಿದ್ದಾರೆ. ಇಲಿಗಳು ತಮ್ಮತಮ್ಮಲ್ಲಿ ಆಡುವ ಮಾತು ಬಹುಪಾಲು ನಮ್ಮ ಕಿವಿಯ ಎಲ್ಲೆಯಿಂದ ಆಚೆಗೇ ಇದೆ. ನಮಗೆ ನಿಶ್ಶಬ್ದವೆನಿಸುವ ಅಟ್ಟ ಬೆಕ್ಕಿಗೆ ಸಂತೆಯ ಹಾಗೆ ಗದ್ದಲದ ಜಾಗ. ಅಲ್ಲಿ ಅದು ಮಾತಾಡುವುದಿಲ್ಲ, ಕೇಳುತ್ತದೆ. ಅದರ ಮಾತೆಲ್ಲ ಅಟ್ಟದಿಂದ ಇಳಿದ ಮೇಲೆ.

ಈ ಮಾತನ್ನು ಮೊದಲಬಾರಿಗೆ ಕ್ರಮವಾಗಿ ಬರೆದಿಟ್ಟವರು ಮಿಲ್ಡ್ರೆಡ್ ಮೋಲ್ಕ್ ಎಂಬ ಅಮೆರಿಕದ ಮಹಿಳೆ. 1944ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಸಾಕುಬೆಕ್ಕಿನ ದನಿಗಳನ್ನು ಹದಿನಾರಾಗಿ ವಿಂಗಡಿಸಿ, ಅವನ್ನು ಮೂರು ವರ್ಗಗಳಲ್ಲಿ ಇಟ್ಟರು. ಬಾಯಿ ಮುಚ್ಚಿ ಹೊರಡಿಸುವುವು ಒಂದು ವರ್ಗ. ಬಾಯಿ ತೆರೆದು ಮೆಲ್ಲನೆ ಮುಚ್ಚುತ್ತ ಹೊರಡಿಸುವುವು ಇನ್ನೊಂದು. ಬಾಯನ್ನು ತೆರೆದೇ ಹಿಡಿದು, ಬಿಗಿದು ಹೊರಡಿಸುವುವು ಮೂರನೆಯದು. ಸ್ಥಾನ ಪ್ರಯತ್ನಗಳಿಂದ ಅಕ್ಷರಗಳನ್ನು ವಿಂಗಡಿಸಿದ ನಮ್ಮ ವೈಯಾಕರಣರು ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದರು. ‘ಮ್ಯಾವ್’ ಎಂಬ ಅನುಕರಣವನ್ನೇ ನೋಡಿ. ತುಟಿ ಮುಚ್ಚಿದಾಗ ಮಕಾರ, ತೆರೆದಾಗ ದೀರ್ಘಸ್ವರ, ಮತ್ತೆ ಮುಚ್ಚಿಕೊಳ್ಳುವಾಗ ವಕಾರ. ಬೆಕ್ಕಿನ ಬಾಯಿಯ ಚಲನೆಯನ್ನೇ ನಮ್ಮ ಹಿರಿಯರು ಅಕ್ಷರಕ್ಕಿಳಿಸಿದ್ದಾರೆ.

ಬಾಯಿ ಮುಚ್ಚಿದ ವರ್ಗದಲ್ಲಿ ಮುಖ್ಯವಾದದ್ದು ಈ ಗುರುಗುಟ್ಟುವ ನಾದ. ಇದು ಉಸಿರು ಬಿಡುವಾಗಲೂ ಬರುತ್ತದೆ, ಎಳೆದುಕೊಳ್ಳುವಾಗಲೂ ಬರುತ್ತದೆ. ತಂಬೂರಿಯ ಶ್ರುತಿಯಂತೆ ಕಡಿಯದೆ ಸಾಗುತ್ತದೆ. ಅದರ ಕಂಪನ ಸೆಕೆಂಡಿಗೆ ಸುಮಾರು 25ರಿಂದ 30. ಇಷ್ಟು ಚಿಕ್ಕ ಪ್ರಾಣಿಗೆ ಇಷ್ಟು ಮಂದ್ರದ ಸ್ವರ ಎಲ್ಲಿಂದ ಬಂತು? ಗಂಟಲಿನ ಸ್ನಾಯುಗಳು ನರಗಳ ಆಜ್ಞೆಯಂತೆ ಕ್ಷಣಕ್ಷಣಕ್ಕೂ ಬಿಗಿದು ಸಡಿಲಗೊಳ್ಳುವುದರಿಂದ ಎಂದು 1972ರ ಸುಮಾರಿನಿಂದ ನಂಬಿದ್ದರು. ವಾಸಿಯಾಗದ ರೋಗದ ಕಾರಣ ದಯಾಮರಣಕ್ಕೊಳಗಾದ ಎಂಟು ಬೆಕ್ಕುಗಳ ಧ್ವನಿಪೆಟ್ಟಿಗೆಗಳಲ್ಲಿ ಬರಿಯ ಗಾಳಿಯನ್ನು ಹಾಯಿಸಿದಾಗ ಅದೇ ಮಂದ್ರನಾದ ಹೊರಟಿತೆಂದು ಯೂರೋಪಿನ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಧ್ವನಿತಂತುಗಳ ಒಳಗೆ ಹುದುಗಿರುವ ಮೆತ್ತೆಯಂಥ ಅಂಗಾಂಶ ಅವುಗಳ ಕಂಪನವನ್ನು ನಿಧಾನಗೊಳಿಸುವುದೇ ಕಾರಣವಿರಬಹುದು ಎಂಬುದು ಅವರ ಅಭಿಪ್ರಾಯ. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜ ಶಬ್ದದ ಹುಟ್ಟನ್ನು ವಿವರಿಸುವಾಗ ಜೀವನ ಇಷ್ಟ, ಅನುಕೂಲವಾದ ವಾಯು ಎಂದು ಎರಡನ್ನು ಹೇಳಿದ್ದಾನೆ. ಬೆಕ್ಕಿನ ಈ ಒಂದು ನಾದಕ್ಕಾದರೋ ವಾಯುವೊಂದೇ ಸಾಕೇನೋ ಎನಿಸುತ್ತದೆ!

ಆದರೆ ಇಷ್ಟವಿಲ್ಲವೆಂದು ಹೇಳಲಾಗದು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕೇರನ್ ಮೆಕ್‌ಕೂಂಬ್ ಮತ್ತು ಸಂಗಡಿಗರು 2009ರಲ್ಲಿ ಒಂದು ಸ್ವಾರಸ್ಯವನ್ನು ಹೊರಗೆಡವಿದರು. ಹಸಿದ ಬೆಕ್ಕು ಬೆಳಗ್ಗೆ ಯಜಮಾನರನ್ನು ಎಬ್ಬಿಸುವಾಗಿನ ಗುರುಗುಟ್ಟುವಿಕೆ ಬೇರೆಯಂತೆ. ಆ ಮಂದ್ರದೊಳಗೆ ಒಂದು ಎತ್ತರದ ಎಳೆ ಸೇರಿರುತ್ತದೆ. ಹಸುಗೂಸಿನ ಅಳುವಿನ ಶ್ರುತಿಗೆ ಅದು ಸಮೀಪ. ಬೆಕ್ಕನ್ನು ಸಾಕಿಯೇ ಇಲ್ಲದವರೂ ಕೇಳಿ, ಇದರಲ್ಲಿ ಏನೋ ತುರ್ತಿದೆ ಎಂದರಂತೆ. ತಾಯಂದಿರ ಕಿವಿಯನ್ನು ಹಿಡಿಯುವ ದಾರಿ ಬೆಕ್ಕಿಗೆ ಗೊತ್ತಿದೆ.

ಇದೇ ವರ್ಗಕ್ಕೆ ಸೇರಿದ್ದು ತಾಯಿಬೆಕ್ಕು ಮರಿಗಳ ಬಳಿಗೆ ಬರುತ್ತ ಮಾಡುವ ‘ಗುರ್‌ರ್‌-ಮ್’ ಎಂಬ ಮೊಟಕು ಕರೆ. ಹೊರಗಿನಿಂದ ಬಂದ ನಮ್ಮನ್ನು ಕಂಡು ಬಾಲವೆತ್ತಿಕೊಂಡು ಅದೇ ಕರೆ ಕರೆದರೆ, ಅದು ನಮಗೆ ಸಲ್ಲುವ ಗೌರವ ಎಂದು ತಿಳಿಯಬೇಕು. ಮೂರನೆಯ ವರ್ಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಾವಿನಂತೆ ಬುಸುಗುಟ್ಟುವುದು, ‘ಫಕ್’ ಎಂದು ಉಗುಳುವುದು, ಗಂಡುಬೆಕ್ಕುಗಳು ಎದುರೆದುರು ನಿಂತು ರಾಗವೆಳೆಯುವುದು, ಇವನ್ನು ಯಾರೂ ತಪ್ಪಾಗಿ ಅರ್ಥಮಾಡಿಕೊಳ್ಳಲಾರರು. ಕಿಟಕಿಯಾಚೆ ಕೂತ ಗುಬ್ಬಿಯನ್ನು ನೋಡುತ್ತ ದವಡೆ ನಡುಗಿಸಿ ಮಾಡುವ ಕಟಕಟ ಸದ್ದೂ ಒಂದಿದೆ. ಕೈಗೆಟುಕದ್ದನ್ನು ಕುರಿತ ನಿಡುಸುಯ್ಲು ಅದು ಎಂದು ನನಗೆ ತೋರುತ್ತದೆ.

ನಡುವಣ ವರ್ಗ ‘ಮ್ಯಾವ್’ನದು. ಇದರಲ್ಲಿಯೇ ನಿಜವಾದ ವಿಶೇಷವಿರುವುದು. ಮರಿ ತಾಯಿಯನ್ನು ಕುರಿತು ಹೀಗೆ ಕೂಗುತ್ತದೆ. ಬೆಳೆದ ಬೆಕ್ಕು ಇನ್ನೊಂದು ಬೆಳೆದ ಬೆಕ್ಕನ್ನು ಕುರಿತು ‘ಮ್ಯಾವ್’ ಎನ್ನುವುದು ಬಹಳ ಅಪರೂಪ. ಅದು ಆ ಮಾತನ್ನು ಆಡುವುದು ನಮ್ಮೊಡನೆ. ಮರಿತನದ ಕೂಗನ್ನು ಬೆಕ್ಕು ಮನುಷ್ಯರಿಗಾಗಿ ಉಳಿಸಿಕೊಂಡಿದೆ. ನಿಕಲಸ್ ನಿಕಾಸ್ಟ್ರೋ ಎಂಬ ವಿದ್ವಾಂಸರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಕುಬೆಕ್ಕಿನ ಕೂಗನ್ನೂ ಅದರ ಬಂಧುವಾದ ಆಫ್ರಿಕದ ಕಾಡುಬೆಕ್ಕಿನ ಕೂಗನ್ನೂ ಜನರಿಗೆ ಕೇಳಿಸಿದರು. ಸಾಕುಬೆಕ್ಕಿನದೇ ಇಂಪೆಂದು ಜನ ಹೇಳಿದರು. ಸಾವಿರಾರು ವರ್ಷ ನಮ್ಮ ಕಿವಿಯ ಬಳಿ ಬದುಕಿದ ದನಿ ನಮ್ಮ ಕಿವಿಗೆ ಹೊಂದಿಕೊಂಡಿರಬೇಕು.

ಶ್ರೀವೈಷ್ಣವರಲ್ಲಿ ಮಾರ್ಜಾಲಕಿಶೋರ ನ್ಯಾಯವೆಂದು ಒಂದಿದೆ. ಕೋತಿಯ ಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ; ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತಾಳೆ. ಭಗವಂತನ ಕೃಪೆಯೂ ಹಾಗೆ ಎಂದು ತೆಂಗಲೆಯವರ ಮತ. ದೃಷ್ಟಾಂತ ಬಹಳ ಸುಂದರವಾದುದು. ಆದರೆ ಅಟ್ಟದ ಕೆಳಗೆ ಮಲಗಿ ಅಭ್ಯಾಸವಿರುವ ನನ್ನಂಥವನಿಗೆ ಒಂದು ಮಾತು ಸೇರಿಸಬೇಕೆನಿಸುತ್ತದೆ. ಮರಿ ಏನೂ ಮಾಡುವುದಿಲ್ಲವೆಂದಲ್ಲ, ಅದು ಕೂಗುತ್ತದೆ. ಕಣ್ಣು ಬಿಡುವ ಮೊದಲೇ, ತನ್ನ ಕಿವಿ ಸರಿಯಾಗಿ ಕೇಳುವ ಮೊದಲೇ ಕೂಗುತ್ತದೆ. ಆ ಕೂಗನ್ನು ಕೇಳಿಯೇ ತಾಯಿ ಬರುತ್ತಾಳೆ.

ಬೆಕ್ಕು ನಮ್ಮನ್ನು ಕುರಿತು ಕೂಗುವುದೂ ಯಾರಾದರೂ ಬಂದಾರೆಂಬ ನೆಚ್ಚಿಕೆಯಿಂದಲೇ. ಉತ್ತರ ಸಿಕ್ಕಿದಷ್ಟೂ ಅದರ ಮಾತು ಬೆಳೆಯುತ್ತದೆ. ಹಾಲ್ಕುರಿಕೆಯಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಮಕ್ಕಳು ಬೆಂಗಳೂರು ಸೇರಿ ವರ್ಷಗಳಾದುವು. ದೊಡ್ಡ ಮನೆ, ಅಟ್ಟದ ತುಂಬ ಕಾಯಿ, ಕೆಳಗೆ ಅವರು ಮತ್ತು ಒಂದು ಬೂದುಬಣ್ಣದ ಕೊತ್ತಿ. ಅದು ಕೂಗಿದಾಗಲೆಲ್ಲ ಅವರು ‘ಏನೇ?’ ಎನ್ನುತ್ತಾರೆ, ಅದು ಮತ್ತೆ ಕೂಗುತ್ತದೆ, ಅವರು ‘ಬಂದೆ ಇರು’ ಎನ್ನುತ್ತಾರೆ. ನಾನೊಮ್ಮೆ, “ಹಾಲು ಹಾಕಿಬಿಡಿ ದೊಡ್ಡಮ್ಮ, ಸುಮ್ಮನಾಗುತ್ತೆ” ಎಂದೆ. ಅವರು ನಕ್ಕು, “ಕೂಗೋದೆಲ್ಲ ಹಾಲಿಗೇ ಅಂತ ತಿಳ್ಕೊಂಡಿದ್ದೀಯೇನಪ್ಪ? ಒಂದೊಂದ್ಸಲ ನಾನು ಇದೀನೋ ಇಲ್ಲವೋ ಅಂತ ಕೇಳ್ತದೆ, ಅಷ್ಟೆ. ‘ಇದೀನಿ’ ಅಂದ್ರೆ ಸಾಕು, ಹೋಗಿ ಮಲಗ್ತದೆ” ಎಂದರು. ಇಷ್ಟೊಂದು ಸಂಶೋಧನೆಗಳನ್ನು ಓದಿದ ಮೇಲೂ ‘ಮ್ಯಾವ್’ಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ದೊರೆತಿಲ್ಲ.

ಈ ಕೂಗುಗಳನ್ನು ಬಿಡಿಸಿ ಕೇಳುವುದು ಬರಿಯ ವಿನೋದವಲ್ಲ. ರಾತ್ರಿ ಹೊತ್ತು ಬೆಕ್ಕು ಎಳೆದೆಳೆದು ಕೂಗಿದರೆ ‘ಬೆಕ್ಕು ಅಳುತ್ತಿದೆ, ಮನೆಗೆ ಕೇಡು’ ಎಂದು ಕಲ್ಲೆಸೆಯುವವರು ಇನ್ನೂ ಇದ್ದಾರೆ. ಅದು ಅಳುವಲ್ಲ, ಬೆದೆಗೆ ಬಂದ ಹೆಣ್ಣು ಜೊತೆಯನ್ನು ಕರೆಯುತ್ತಿದೆ, ಇಲ್ಲವೆ ಎರಡು ಗಂಡುಗಳು ಎಲ್ಲೆಗಾಗಿ ವ್ಯಾಜ್ಯ ಹೂಡಿವೆ. ನಿಜವಾದ ಕೇಡು ಬಂದಾಗ ಬೆಕ್ಕು ಬಹಳಮಟ್ಟಿಗೆ ದನಿಯೆತ್ತುವುದೇ ಇಲ್ಲ. ಅಟ್ಟದ ಮೇಲೆ ಇಲಿಪಾಷಾಣ ಇಟ್ಟ ಮನೆಗಳಲ್ಲಿ, ವಿಷ ತಿಂದ ಇಲಿಯನ್ನು ತಿಂದ ಬೆಕ್ಕು ಮೂಲೆ ಸೇರಿ ಸುಮ್ಮನೆ ಕೂರುತ್ತದೆ. ನೋವಿನಲ್ಲಿರುವಾಗಲೂ ಬೆಕ್ಕು ಗುರುಗುಟ್ಟುವುದುಂಟು. ಸುಖವಾಗಿದೆ ಎಂದುಕೊಂಡು ನಾವು ಅತ್ತ ಹೋಗಿಬಿಡುತ್ತೇವೆ. ಆ ನಾದದ ಜೊತೆಗೆ ಊಟ ಬಿಟ್ಟಿದೆಯೆ, ಮೈ ಮುದುಡಿದೆಯೆ, ಮುಟ್ಟಿದರೆ ಸರಿದುಕೊಳ್ಳುತ್ತದೆಯೆ ಎಂಬುದನ್ನೂ ನೋಡಬೇಕು. ಸುಖಕ್ಕೂ ಸಂಕಟಕ್ಕೂ ಒಂದೇ ದನಿಯಾದಾಗ ಕಣ್ಣು ಕಿವಿಗೆ ನೆರವಾಗಬೇಕು. ದಿನವೂ ಮಾತಾಡುತ್ತಿದ್ದ ಬೆಕ್ಕು ಒಂದು ದಿನ ಮಾತು ನಿಲ್ಲಿಸಿದರೆ, ಅದೇ ಅದರ ಅತ್ಯಂತ ದೊಡ್ಡ ಕೂಗು. ಪಶುವೈದ್ಯರಲ್ಲಿಗೆ ಹೋಗಬೇಕಾದ ಹೊತ್ತು ಅದು.

ಮಾರ್ಜಾಲ ಎಂಬ ಹೆಸರು ‘ಒರಸು, ಶುಚಿಮಾಡು’ ಎಂಬ ಧಾತುವಿನಿಂದ ಬಂದದ್ದು. ಸದಾ ಮೈ ನೆಕ್ಕಿಕೊಳ್ಳುವುದನ್ನು ಕಂಡು ಹಿಂದಿನವರು ಆ ಹೆಸರಿಟ್ಟರು. ಅವರು ಕಣ್ಣಿನಿಂದ ಹೆಸರಿಟ್ಟರು. ಕಿವಿಯಿಂದ ಹೆಸರಿಡುವ ಕೆಲಸ ನಮಗೆ ಉಳಿದಿದೆ. ಬೆಕ್ಕಿನ ನಾದಕ್ಕೊಂದು ಒಳ್ಳೆಯ ಕನ್ನಡ ಕ್ರಿಯಾಪದವನ್ನು ಯಾರಾದರೂ ಹುಡುಕಿಕೊಟ್ಟರೆ ನಾನು ಸಂತೋಷದಿಂದ ಬಳಸುತ್ತೇನೆ. ಅದು ಸಿಕ್ಕುವ ತನಕ, ನಿಮ್ಮ ಮನೆಯ ಬೆಕ್ಕು ಹೊಸ್ತಿಲಲ್ಲಿ ನಿಂತು ಕೂಗಿದಾಗ ಹಾಲಿನ ಪಾತ್ರೆಗೆ ಕೈ ಹಾಕುವ ಮೊದಲು ಒಮ್ಮೆ ‘ಇದೀನಿ’ ಎಂದು ನೋಡಿ.