ಮಡಿಲು ಬೆಲ್ಟ್ ಆಗಲಾರದು
(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಸೇರಿದಾಗಲೆಲ್ಲ ಉಳಿತಾಯ, ಸಾಲ, ಮರುಪಾವತಿ ಅಂತ ಮಾತಾಡುತ್ತೇವೆ. ಇವತ್ತು ಸಾಲದಿಂದಲೇ ಮನೆಗೆ ಬಂದ ಒಂದು ವಸ್ತುವಿನ ಬಗ್ಗೆ ಮಾತಾಡೋಣ. ಅದು ಪಿಕಪ್ ಗಾಡಿ. ವಾರವಿಡೀ ತರಕಾರಿ, ಇಟ್ಟಿಗೆ, ಗೊಬ್ಬರ ಸಾಗಿಸಿ ನಮ್ಮ ಎಷ್ಟೋ ಮನೆಗಳಿಗೆ ಅನ್ನ ಕೊಡುವ ಗಾಡಿ. ಭಾನುವಾರ ಬಂದರೆ ಅದೇ ಗಾಡಿಯಲ್ಲಿ ಚರ್ಚಿಗೆ, ಜಾತ್ರೆಗೆ, ತವರಿಗೆ ಹೊರಡುತ್ತೇವೆ. ಯಜಮಾನರು ಓಡಿಸುತ್ತಾರೆ, ನಾವು ಪಕ್ಕದಲ್ಲಿ, ಕೂಸು ಮಡಿಲಲ್ಲಿ. ದೊಡ್ಡ ಮಕ್ಕಳು ಹಿಂದೆ ಸರಕು ಹಾಕುವ ಜಾಗದಲ್ಲಿ. "ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ, ಏನೂ ಆಗಲ್ಲ" ಅಂತೇವೆ.

ನಿಜವಾಗಿ ಹಿಡಿದುಕೊಳ್ಳಲು ಆಗುತ್ತದೆಯೇ? ಗಾಡಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಅಂತ ಇಟ್ಟುಕೊಳ್ಳಿ. ಅದು ಜೋರೇನಲ್ಲ. ಆ ವೇಗದಲ್ಲಿ ಎದುರಿಗೆ ಬಡಿಯುವುದೂ ಸುಮಾರು 20 ಅಡಿ ಮೇಲಿನಿಂದ ಬೀಳುವುದೂ ಒಂದೇ. ಆ ಕ್ಷಣ 10 ಕಿಲೋ ಮಗು ನಮ್ಮ ಕೈಗೆ 100 ಕಿಲೋಗೂ ಮೀರಿದ ಭಾರವಾಗುತ್ತದೆ. ಎರಡು ಮೂಟೆ ಅಕ್ಕಿ ಒಮ್ಮೆಲೇ ಕೈಯಿಂದ ಕಿತ್ತುಕೊಂಡು ಹೋದ ಹಾಗೆ. ಯಾವ ತಾಯಿಯ ಕೈಯೂ ಅದನ್ನು ತಡೆಯಲಾರದು. ಇದು ಪ್ರೀತಿಯ ಕೊರತೆಯಲ್ಲ, ಕೈಗೆ ಇರುವ ಶಕ್ತಿಯೇ ಅಷ್ಟು.

ಕೆಲವರು ತಮಗೂ ಮಗುವಿಗೂ ಸೇರಿಸಿ ಒಂದೇ ಬೆಲ್ಟ್ ಹಾಕುತ್ತಾರೆ. ಅದು ಇನ್ನೂ ಅಪಾಯ. ಗುದ್ದಿದಾಗ ನಮ್ಮ ಮೈಭಾರವೆಲ್ಲ ಮಗುವಿನ ಮೇಲೆ ಬಿದ್ದು, ಬೆಲ್ಟಿಗೂ ನಮಗೂ ನಡುವೆ ಮಗು ಅಪ್ಪಚ್ಚಿಯಾಗುತ್ತದೆ. ಒಂದು ಬೆಲ್ಟಿಗೆ ಒಬ್ಬರೇ.

ಹಾಗಾದರೆ ಏನು ಮಾಡಬೇಕು? ಚಿಕ್ಕ ಮಕ್ಕಳಿಗೆಂದೇ ಸೀಟು ಸಿಗುತ್ತದೆ. ಅದನ್ನು ಸುಮ್ಮನೆ ಇಟ್ಟರೆ ಸಾಲದು, ಸರಿಯಾಗಿ ಬಿಗಿಯಬೇಕು.

1. ಹಿಂದೆಯೂ ಸೀಟಿರುವ ಡಬಲ್ ಕ್ಯಾಬಿನ್ ಗಾಡಿಯಾದರೆ ಮಗುವಿನ ಸೀಟು ಹಿಂದೆಯೇ ಇರಲಿ.

2. ಕೂಸಿನ ಮುಖ ಗಾಡಿಯ ಹಿಂಭಾಗಕ್ಕೆ ಇರಬೇಕು. ಆಗ ಗುದ್ದಿದರೂ ತಲೆ, ಕತ್ತು, ಬೆನ್ನಿಗೆ ಸೀಟೇ ಆಸರೆ. ಒಂದು ವರ್ಷವಾಯಿತು ಅಂತ ಅವಸರದಿಂದ ತಿರುಗಿಸಬೇಡಿ. ಆ ಸೀಟಿಗೆ ಹೇಳಿದ ತೂಕ, ಎತ್ತರ ಮುಗಿಯುವ ತನಕ ಹಾಗೇ ಇರಲಿ.

3. ಮುಂದಿನ ಸೀಟಿಗೆ ಏರ್‌ಬ್ಯಾಗ್ ಇದ್ದರೆ ಹಿಮ್ಮುಖದ ಸೀಟನ್ನು ಅಲ್ಲಿ ಇಡಲೇಬಾರದು. ಏರ್‌ಬ್ಯಾಗ್ ಸಿಡಿದು ಮಗುವಿನ ಪ್ರಾಣವೇ ಹೋಗಬಹುದು.

4. ಗಾಡಿಯ ಬೆಲ್ಟನ್ನು ಸೀಟಿನಲ್ಲಿ ಗುರುತು ಮಾಡಿದ ದಾರಿಯಲ್ಲೇ ಹಾಯಿಸಿ. ಮೊಣಕಾಲಿನಿಂದ ಸೀಟನ್ನು ಒತ್ತಿ ಹಿಡಿದು ಬೆಲ್ಟ್ ಎಳೆಯಿರಿ. ಆಮೇಲೆ ಬೆಲ್ಟ್ ಹಾಯ್ದ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಹೆಚ್ಚು ಸರಿದರೆ ಮತ್ತೆ ಬಿಗಿಯಿರಿ.

5. ಮಗುವಿನ ಭುಜದ ಪಟ್ಟಿಯನ್ನು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಸಡಿಲ ಇದೆ ಅಂತ ಅರ್ಥ. ದಪ್ಪ ಸ್ವೆಟರ್ ಹಾಕಿ ಪಟ್ಟಿ ಬಿಗಿಯಬೇಡಿ. ಚಳಿಯಾದರೆ ಪಟ್ಟಿಯ ಮೇಲೆ ಶಾಲು ಹೊದಿಸಿ.

6. ಯಾರೋ ಬಳಸಿದ ಹಳೇ ಸೀಟು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಒಮ್ಮೆ ಅಪಘಾತ ಕಂಡ ಸೀಟು ನೋಡಲು ಚೆನ್ನಾಗಿದ್ದರೂ ಒಳಗೆ ಬಿರುಕು ಬಿಟ್ಟಿರಬಹುದು.

ಸೀಟಿನ ಬೆಲೆ ಕೆಲವು ಸಾವಿರ ರೂಪಾಯಿ. ನಮಗೆ ಅದು ದೊಡ್ಡ ಮೊತ್ತವೇ. ಆದರೆ ಗಾಡಿಗೇ ಲಕ್ಷಗಟ್ಟಲೆ ಸಾಲ ಮಾಡುವ ನಾವು ಇದಕ್ಕೆ ಸಂಘದಿಂದ ಒಂದು ಸಣ್ಣ ಸಾಲ ಪಡೆಯಬಾರದೇ? ಮುಂದಿನ ಸಭೆಯಲ್ಲಿ ಚರ್ಚಿಸಿ.

ಇನ್ನು ಹಿಂದೆ ಕೂರುವ ಮಕ್ಕಳ ಮಾತು. ಆ ಜಾಗ ಸರಕಿಗೆ, ಮಕ್ಕಳಿಗಲ್ಲ. ಅಲ್ಲಿ ಕೂರುವುದಕ್ಕೂ ಇಲ್ಲ, ಬೆಲ್ಟೂ ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಪ್ರಕಾರ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆ ಇಲ್ಲದೆ ಗಾಡಿ ಓಡಿಸಿದರೆ ದಂಡ. ದಂಡ ಹೋಗಲಿ, ಇನ್ನೊಂದು ಕೇಳಿ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗೆ ಇಲ್ಲ ಅಂತ 2002ರಲ್ಲೇ ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಅಕ್ಕಪಕ್ಕದ ಮನೆಯ ಮಕ್ಕಳನ್ನು ಹತ್ತಿಸಿಕೊಂಡು ಅನಾಹುತವಾದರೆ ಹೊಣೆ ಗಾಡಿಯ ಮಾಲೀಕರ ತಲೆಗೇ ಬರಬಹುದು. ಆ ಮಾಲೀಕರು ನಮ್ಮ ಮನೆಯವರೇ ಅಲ್ಲವೇ?

"ಎಲ್ಲರಿಗೂ ಬೆಲ್ಟ್ ಇಲ್ಲ, ಏನು ಮಾಡೋದು?" ಅಂತ ಕೇಳಬಹುದು. ಬೆಲ್ಟ್ ಇದ್ದಷ್ಟು ಜನ ಗಾಡಿಯಲ್ಲಿ, ಉಳಿದವರು ಬಸ್ಸಿನಲ್ಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿಗೆ ನಮಗೆ ಟಿಕೆಟ್ ದುಡ್ಡೂ ಇಲ್ಲ. ಅರ್ಧ ಗಂಟೆ ತಡವಾದರೆ ಆಗಲಿ.

ಸಹೋದರಿಯರೇ, ಮಕ್ಕಳು ದೇವರು ನಮ್ಮ ಕೈಗೆ ಒಪ್ಪಿಸಿದ ಒಡವೆ. ಸಂಘದ ನೂರು ರೂಪಾಯಿಗೂ ಲೆಕ್ಕ ಬರೆದು ಬೀಗ ಹಾಕಿ ಕಾಯುವವರು ನಾವು. ಇನ್ನು ಮುಂದೆ ಗಾಡಿಯ ಕೀಲಿ ತಿರುಗಿಸುವ ಮೊದಲು "ಮಗುವಿಗೆ ಬೆಲ್ಟ್ ಹಾಕಿದೆಯಾ?" ಅಂತ ಕೇಳೋಣ. ಯಜಮಾನರಿಗೆ ಅವಸರವಿದ್ದರೂ ಕೇಳೋಣ.

ದೇವರು ನಿಮ್ಮೆಲ್ಲರ ಮನೆಗಳನ್ನು ಹರಸಲಿ.